ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು

ಹೊಸದಾಗಿ ಜೋಡಿಸಿದ ಕಂಪ್ಯೂಟರಿನ ಪವರ್ ಬಟನ್ ಒತ್ತಿದಾಗ ಮೂರರಲ್ಲಿ ಒಂದು ಆಗುತ್ತೆ. ಲೋಗೋ ಬಂದರೆ ಹಬ್ಬ. ಏನೂ ಆಗದೆ ಸುಮ್ಮನಿದ್ದರೂ ಒಂದು ಲೆಕ್ಕಕ್ಕೆ ಸಮಾಧಾನವೇ. ಕರೆಂಟ್ ಎಲ್ಲೋ ತಲುಪಿಲ್ಲ ಅಂತ ಗೊತ್ತಾಗುತ್ತೆ, ಅಲ್ಲಿಂದ ಹುಡುಕಬಹುದು. ತಲೆ ಕೆಡಿಸೋದು ಮೂರನೆಯದು. ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಒಳಗೆ ಜೀವ ಇದೆ ಅನ್ನಿಸುತ್ತೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ತೋರಿಸಿ ನಿದ್ದೆಗೆ ಜಾರುತ್ತೆ.

ನಾವು ನಾಲ್ವರು ಆರು ದಿನ ಈ ಮೂರನೆಯ ಸ್ಥಿತಿಯಲ್ಲಿ ಕಳೆದೆವು. ಆ ಆರು ದಿನದಲ್ಲಿ ಕಲಿತದ್ದು ಯಾವ ಸೆಮಿಸ್ಟರಿನ ಸಿಲಬಸ್‌ನಲ್ಲೂ ಇಲ್ಲ ಅಂತ ಡೈಲಾಗ್ ಹೊಡೆಯಲ್ಲ, ಯಾಕಂದ್ರೆ ಅರ್ಧಕ್ಕಿಂತ ಹೆಚ್ಚು ಸಿಲಬಸ್‌ನಲ್ಲೇ ಇತ್ತು. ಇಲ್ಲದೆ ಇದ್ದದ್ದು ಒಂದೇ. ಒಂದು ವಸ್ತು ಕೆಲಸ ಮಾಡದೆ ನಿಂತಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು ಅನ್ನೋದು. ಅದನ್ನ ಹೇಳೋಕೆ ಈ ಬರಹ.

ನಮ್ಮನ್ನು ಊರಿನ ಹೆಸರಿಂದಲೇ ಗುರುತಿಸಿಕೊಳ್ಳಿ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿಕೊಂಡ ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕಿಗೆ ಒಬ್ಬೊಬ್ಬರಂತೆ ಒಂದೇ ಪ್ರಾಜೆಕ್ಟ್ ಬ್ಯಾಚಿಗೆ ಬಿದ್ದಿದ್ದೇವೆ. ಪ್ರಾಜೆಕ್ಟ್ ಏನು ಅಂದ್ರೆ, ರೇಷ್ಮೆಗೂಡಿನ ಫೋಟೋ ನೋಡಿ ಇದು ಒಳ್ಳೆ ಗೂಡು, ಇದು ಕಲೆ ಗೂಡು, ಇದು ತೆಳು ಗೂಡು, ಇದು ಡಬಲ್ ಅಂತ ಬೇರ್ಪಡಿಸೋ ಪ್ರೋಗ್ರಾಮ್. ಎರಡು ಹುಳ ಒಟ್ಟಿಗೆ ಸೇರಿ ಒಂದೇ ಗೂಡು ಕಟ್ಟಿದರೆ ಅದು ಡಬಲ್. ಎರಡು ಎಳೆ ಸಿಕ್ಕಿಕೊಂಡು ನೂಲು ಸರಿಯಾಗಿ ಬಿಚ್ಚಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದದ್ದು. ಅಲ್ಲಿ ಇವತ್ತಿಗೂ ಅನುಭವಸ್ಥರು ಕಣ್ಣಲ್ಲಿ ನೋಡಿ, ಬೆರಳಲ್ಲಿ ಒತ್ತಿ ಗೂಡಿನ ಗಟ್ಟಿತನ ಹೇಳಿಬಿಡುತ್ತಾರೆ. ಅವರ ಕಣ್ಣನ್ನು ಸ್ವಲ್ಪವಾದರೂ ಯಂತ್ರಕ್ಕೆ ಕಲಿಸೋಣ ಅಂತ ನಮ್ಮ ಆಸೆ.

ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರ್ ಬೇಕು. ಪುಕ್ಕಟೆ ಸಿಗೋ ಕ್ಲೌಡ್‌ನಲ್ಲಿ ಮಾಡೆಲ್ ಟ್ರೇನ್ ಆಗ್ತಾ ಇರುವಾಗಲೇ ಸಮಯ ಮುಗೀತು ಅಂತ ಕೈಬಿಡುತ್ತೆ. ಅದಕ್ಕೇ ತಲಾ 10,000 ಹಾಕಿ 40,000 ರೂಪಾಯಿ ಕೂಡಿಸಿದೆವು. ಒಬ್ಬರ ಪಾಲು ಮನೆಯ ಗೂಡು ಮಾರಿದ ದುಡ್ಡು. ಒಬ್ಬರದು ಡೈರಿ ಬಿಲ್ಲು. ಒಬ್ಬರದು ಸ್ಕಾಲರ್‌ಶಿಪ್. ಇನ್ನೊಬ್ಬರದು ಸಂಜೆ ಹೈಸ್ಕೂಲ್ ಮಕ್ಕಳಿಗೆ ಮಾಡಿದ ಮನೆಪಾಠದ್ದು. ನಾಲ್ಕೂ ಮನೆಯಲ್ಲಿ ಒಂದೇ ಮಾತು ಕೇಳಿದ್ದರು: “ಜೋಡಿಸಿರೋದನ್ನೇ ತಗೋಬಾರ್ದಾ?” ಅದೇ ಶಕ್ತಿಯ ರೆಡಿಮೇಡ್ ಕಂಪ್ಯೂಟರ್ ನಮ್ಮ ದುಡ್ಡಿಗೆ ಬರ್ತಿರಲಿಲ್ಲ ಅನ್ನೋದು ನಮ್ಮ ಉತ್ತರ.

ಶನಿವಾರ ಬೆಳಗ್ಗೆ ಮೆಮು ರೈಲಿಗೆ ಹೋಗಿ ಎಸ್.ಪಿ. ರೋಡ್ ಸುತ್ತಿ, ಒಂದೊಂದು ಅಂಗಡಿಯಲ್ಲಿ ಒಂದೊಂದು ಭಾಗ ತಗೊಂಡು, ಸಂಜೆ ಹಾಸ್ಟೆಲ್ ರೂಮಿನ ನೆಲದ ಮೇಲೆ ಹರಡಿದೆವು. ಮದರ್‌ಬೋರ್ಡ್, ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್, ಜೊತೆಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. ರಾತ್ರಿ ಹತ್ತೂವರೆಗೆ ಬಟನ್ ಒತ್ತಿದೆವು. ಫ್ಯಾನ್ ತಿರುಗಿತು. ಸ್ಕ್ರೀನ್ ಕಪ್ಪು.

ಬೋರ್ಡ್ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ: “ಬೋರ್ಡ್ ಹೋಗಿರುತ್ತೆ, ಇಲ್ಲ ಪ್ರೊಸೆಸರ್ ಪಿನ್ ಬಗ್ಗಿಸಿರ್ತೀರಾ. ಏಳು ದಿನದ ಒಳಗೆ ತಂದ್ರೆ ನೋಡೋಣ. ಪಿನ್ ಬಗ್ಗಿದ್ರೆ ವಾರಂಟಿ ಇಲ್ಲ.” ಫೋನ್ ಇಟ್ಟ ಮೇಲೆ ರೂಮಿನಲ್ಲಿ ಎದ್ದ ಪ್ರಶ್ನೆ ನೀವೇ ಊಹಿಸಬಹುದು. ಪ್ರೊಸೆಸರ್ ಕೂರಿಸಿದ್ದು ಯಾರು?

ಕೂರಿಸಿದ್ದು ಮಾಗಡಿಯವನು. ಅವನು ಏನೂ ಮಾತಾಡಲಿಲ್ಲ. ಡೈರಿ ಬಿಲ್ಲಿನ ಪಾಲು ಅವನದೇ. ಮಾತಾಡದೆ ಕೂತವನ ತಲೆಯಲ್ಲಿ ಏನು ಓಡ್ತಿತ್ತು ಅಂತ ನಮಗೆಲ್ಲ ಗೊತ್ತಿತ್ತು: ಉಳಿದ ಮೂವರ ಹತ್ತತ್ತು ಸಾವಿರ.

ಆಗ ಕನಕಪುರದವಳು ಒಂದು ಮಾತು ಹೇಳಿದಳು. ಅವರ ತೋಟದಲ್ಲಿ ಬೋರ್‌ವೆಲ್ ಇದೆ. “ನಮ್ಮಲ್ಲಿ ನೀರು ಎತ್ತದೆ ಹೋದ್ರೆ ಅಪ್ಪ ಸೀದಾ ಮೋಟಾರ್ ಎತ್ತಿಸಲ್ಲ. ಎತ್ತಿಸೋಕೆ ಗಾಡಿ ಕರೆಸಬೇಕು, ಪೈಪೆಲ್ಲ ಬಿಚ್ಚಬೇಕು, ಸಾವಿರಾರು ರೂಪಾಯಿ. ಮೊದಲು ಪೆಟ್ಟಿಗೆ ಮೇಲಿನ ಮೂರು ಲೈಟು ನೋಡ್ತಾರೆ, ಮೂರು ಫೇಸೂ ಇದೆಯಾ ಅಂತ. ಆಮೇಲೆ ಸ್ಟಾರ್ಟರ್ ಟ್ರಿಪ್ ಆಗಿದೆಯಾ. ಆಮೇಲೆ ಕೇಬಲ್. ಎಲ್ಲ ಸರಿ ಇದ್ರೆ ಮಾತ್ರ ಮೋಟಾರು. ನೀರು ಎತ್ತದೆ ಇದ್ದಾಗ ಸ್ವಿಚ್ ಹಾಕಿದ್ದು ಯಾರು ಅಂತ ಯಾರೂ ಕೇಳಲ್ಲ. ಎಲ್ಲಿಗೆ ಬಂದು ನಿಂತಿದೆ ಅಂತ ಕೇಳ್ತಾರೆ.”

ಆ ರಾತ್ರಿಯೇ 200 ಪುಟದ ಲಾಂಗ್ ಬುಕ್ ಒಂದರ ಮೊದಲ ಪುಟದಲ್ಲಿ ಬರೆದೆವು: ‘ಯಾರು ಅಲ್ಲ, ಎಲ್ಲಿ.’ ಕೆಳಗೆ ಮೂರು ಕಾಲಂ ಹಾಕಿದೆವು: ಏನು ಬದಲಿಸಿದೆವು, ಏನಾಯಿತು, ಇದರಿಂದ ಏನು ಗೊತ್ತಾಯಿತು. ಮೂರನೆಯ ಕಾಲಂ ತುಂಬದೆ ಮುಂದಿನ ಸ್ಕ್ರೂ ಬಿಚ್ಚುವಂತಿಲ್ಲ ಅನ್ನೋದು ನಿಯಮ.

‘ಎಲ್ಲಿ’ ಅಂತ ಕೇಳಬೇಕಾದರೆ ದಾರಿ ಗೊತ್ತಿರಬೇಕು. ಬಟನ್ ಒತ್ತಿದ ಕ್ಷಣದಿಂದ ಚಿತ್ರ ಬರೋವರೆಗೆ ಏನೇನು ನಡೆಯುತ್ತೆ ಅಂತ ಒಂದು ಸಲ ನೋಡಿಬಿಡೋಣ. ಬಟನ್ ಅಂದ್ರೆ ಬೋರ್ಡಿನ ಎರಡು ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸೋ ಸ್ವಿಚ್ ಅಷ್ಟೇ. ಬೋರ್ಡ್ ಆಗ ಪವರ್ ಸಪ್ಲೈಗೆ ‘ಶುರು ಮಾಡು’ ಅನ್ನುತ್ತೆ. ಪವರ್ ಸಪ್ಲೈ 12, 5, 3.3 ವೋಲ್ಟ್‌ಗಳನ್ನು ಎಬ್ಬಿಸಿ, ಅವು ಸ್ಥಿರವಾದ ಮೇಲೆ ‘ಪವರ್ ಗುಡ್’ ಅನ್ನೋ ಸಿಗ್ನಲ್ ಕೊಡುತ್ತೆ. ಅದಕ್ಕೆ 100ರಿಂದ 500 ಮಿಲಿಸೆಕೆಂಡ್ ಸಾಕು. ಆ ಸಿಗ್ನಲ್ ಸಿಕ್ಕ ಮೇಲೆ ಪ್ರೊಸೆಸರ್ ಎಚ್ಚರಾಗುತ್ತೆ. ಎಚ್ಚರಾದದ್ದಕ್ಕೆ ತಾನು ಎಲ್ಲಿದ್ದೇನೆ, ಪಕ್ಕದಲ್ಲಿ ಯಾರಿದ್ದಾರೆ ಏನೂ ಗೊತ್ತಿರಲ್ಲ. ಬೋರ್ಡಿನ ಮೇಲೆ ಒಂದು ಸಣ್ಣ ಫ್ಲ್ಯಾಶ್ ಚಿಪ್ ಇರುತ್ತೆ, ಬಯೋಸ್ ಇರೋದು ಅದರಲ್ಲೇ. ಅದರಲ್ಲಿ ಬರೆದಿರೋ ಸೂಚನೆಗಳೇ ಅದಕ್ಕೆ ಸಿಗೋ ಮೊದಲ ಮಾತು. ಆ ಸೂಚನೆಗಳ ಪ್ರಕಾರ ಹಾಜರಿ ಶುರುವಾಗುತ್ತೆ: ರ‍್ಯಾಮ್ ಇದೆಯಾ, ಗ್ರಾಫಿಕ್ಸ್ ಇದೆಯಾ, ಬೂಟ್ ಆಗೋಕೆ ಡಿಸ್ಕ್ ಇದೆಯಾ. ಇದಕ್ಕೇ ಪೋಸ್ಟ್ ಅನ್ನೋದು, ‘ಪವರ್ ಆನ್ ಸೆಲ್ಫ್ ಟೆಸ್ಟ್’. 1981ರ ಐಬಿಎಂ ಪಿಸಿಯಲ್ಲೂ ಇದು ಇತ್ತು. ಎಲ್ಲ ಸರಿ ಇದ್ದರೆ ಒಂದು ಸಣ್ಣ ‘ಬೀಪ್’ ಕೇಳ್ತಿತ್ತು.

ಈಗ ಗಮನಿಸಿ. ಚಿತ್ರ ಬರೋದು ಈ ಹಾಜರಿಯಲ್ಲಿ ಸುಮಾರು ಕೊನೆಗೆ. ಅದಕ್ಕಿಂತ ಮುಂಚೆ ಏನೇ ಕೆಟ್ಟರೂ ಸ್ಕ್ರೀನ್ ಹೇಳೋದು ಒಂದೇ ಮಾತು: ಕಪ್ಪು. ಜ್ವರ ಬಂದಿದೆ ಅಂದ ಹಾಗೆ. ಯಾವ ಜ್ವರ ಅಂತ ಹೇಳಲ್ಲ. ಚಿತ್ರ ಬರೋದಕ್ಕೆ ಮುಂಚೆ ಮಾತಾಡೋಕೆ ಕಂಪ್ಯೂಟರಿಗೆ ಬೇರೆ ನಾಲಿಗೆ ಬೇಕು. ಹಳೆ ಕಾಲದಿಂದ ಅದು ‘ಬೀಪ್’. ಈಗಿನ ಎಷ್ಟೋ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಪುಟ್ಟ ಲೈಟು ಇರುತ್ತವೆ. ಯಾವುದು ಆರದೆ ನಿಲ್ಲುತ್ತೋ ಅಲ್ಲಿ ದಾರಿ ನಿಂತಿದೆ ಅಂತ ಅರ್ಥ. ನಮ್ಮದು ಕಡಿಮೆ ದರದ ಬೋರ್ಡ್. ಲೈಟು ಇರಲಿಲ್ಲ.

ಭಾನುವಾರ ಕನಕಪುರದ ಅಪ್ಪನ ಕ್ರಮದಲ್ಲೇ ಶುರು ಮಾಡಿದೆವು. ಖರ್ಚಿಲ್ಲದ್ದು, ಬಿಚ್ಚಬೇಕಿಲ್ಲದ್ದು ಮೊದಲು.

ಮಾನಿಟರನ್ನೂ ಎಚ್‌ಡಿಎಂಐ ಕೇಬಲನ್ನೂ ಒಂದು ಲ್ಯಾಪ್‌ಟಾಪಿಗೆ ಹಾಕಿದೆವು. ಚಿತ್ರ ಬಂತು. ಆದ್ದರಿಂದ ಅವೆರಡೂ ಸರಿ. ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಇದೆಯಾ ಅಂತ ನೋಡಿದೆವು, ಇತ್ತು. ಇದು ಯಾಕೆ ಮುಖ್ಯ ಅಂದ್ರೆ, ಬೋರ್ಡಿನ ಹಿಂದೆಯೂ ಒಂದು ಎಚ್‌ಡಿಎಂಐ ತೂತು ಇರುತ್ತೆ. ಎಲ್ಲ ಪ್ರೊಸೆಸರಿನಲ್ಲೂ ಗ್ರಾಫಿಕ್ಸ್ ಇರಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಇಲ್ಲ. ಎಎಂಡಿಯ ರೈಜನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಒಂದು ಅಕ್ಷರದ ವ್ಯತ್ಯಾಸ, ಆದರೆ ಬೋರ್ಡಿನ ತೂತು ಬದುಕಿದೆಯೋ ಇಲ್ಲವೋ ಅನ್ನೋದನ್ನ ಅದೇ ತೀರ್ಮಾನ ಮಾಡುತ್ತೆ.

ಆಮೇಲೆ ಪವರ್. ಬೋರ್ಡಿಗೆ ಎರಡು ಕಡೆಯಿಂದ ವಿದ್ಯುತ್ ಹೋಗಬೇಕು: 24 ಪಿನ್ನಿನ ದೊಡ್ಡ ಕನೆಕ್ಟರ್, ಮತ್ತೆ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರೋ 8 ಪಿನ್ನಿನದು. ಎರಡನೆಯದು ಇಲ್ಲದಿದ್ದರೂ ಫ್ಯಾನ್ ತಿರುಗಬಹುದು. ನಮ್ಮಲ್ಲಿ ಎರಡೂ ಕೊನೆವರೆಗೆ ಕೂತಿದ್ದವು. ಲ್ಯಾಬಿನಿಂದ ತಂದ ಮಲ್ಟಿಮೀಟರಲ್ಲಿ 12 ವೋಲ್ಟಿನ ತಂತಿ 12.1 ತೋರಿಸಿತು. ಶೇಕಡಾ 5ರಷ್ಟು ಆಚೆ ಈಚೆ ಇರಬಹುದು, ಅಂದ್ರೆ 11.4ರಿಂದ 12.6. ಸರಿ ಇದೆ.

ಮೂರನೆಯದಾಗಿ ಎಲ್ಲವನ್ನೂ ಕ್ಯಾಬಿನೆಟ್‌ನಿಂದ ಹೊರಗೆ ತೆಗೆದೆವು. ಬೋರ್ಡಿನ ಹಿಂಬದಿ ಎಲ್ಲಾದರೂ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗುತ್ತಿದ್ದರೆ ಇದರಿಂದ ಗೊತ್ತಾಗುತ್ತೆ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೇ ಅದನ್ನ ಇಟ್ಟು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಉಳಿದದ್ದನ್ನೆಲ್ಲ ಕಳಚಿದೆವು. ಒಂದು ಎಚ್ಚರಿಕೆ: ಬೋರ್ಡ್ ಸುತ್ತಿ ಬರೋ ಹೊಳೆಯೋ ಕವರ್ ಮೇಲೆ ಇಟ್ಟು ಆನ್ ಮಾಡಬೇಡಿ, ಅದರ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ ಮುಟ್ಟಿಸಿದೆವು. ಫ್ಯಾನ್ ತಿರುಗಿತು. ಕಪ್ಪು. ಕ್ಯಾಬಿನೆಟ್ ಬಿಡುಗಡೆಯಾಯಿತು.

ರ‍್ಯಾಮ್ ಬೇರೆ ಸ್ಲಾಟಿಗೆ ಹಾಕಿದೆವು, ಕಪ್ಪು. ಇನ್ನೊಂದು ಕಡ್ಡಿ ಹಾಕಿದೆವು, ಕಪ್ಪು. ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿದೆವು, ಕಪ್ಪು. ಗ್ರಾಫಿಕ್ಸ್ ಕಾರ್ಡನ್ನು ಪಕ್ಕದ ರೂಮಿನ ಕಂಪ್ಯೂಟರಿಗೆ ಹಾಕಿದೆವು, ಅಲ್ಲಿ ಚಿತ್ರ ಬಂತು. ಬುಕ್ಕಿನಲ್ಲಿ ಹದಿಮೂರು ಸಾಲು ಆದವು. ಕಪ್ಪು, ಕಪ್ಪು ಅಂತ ಬರೆದು ಬೇಜಾರಾದರೂ ಮೂರನೆಯ ಕಾಲಂ ಮಾತ್ರ ಖಾಲಿ ಇರಲಿಲ್ಲ. ಪ್ರತಿ ಸಾಲೂ ಒಬ್ಬ ಆರೋಪಿಯನ್ನ ಬಿಟ್ಟು ಕಳಿಸ್ತಾ ಇತ್ತು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ ಬದಲಿಸಿ, ಕೇಬಲ್ ಬದಲಿಸಿ, ಬ್ಯಾಟರಿಯನ್ನೂ ತೆಗೆದು ಆಮೇಲೆ ಆನ್ ಮಾಡಿದಾಗ ಚಿತ್ರ ಬಂದರೆ ಖುಷಿಯೇ. ಆದರೆ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ, ಮತ್ತೆ ಹೋದಾಗ ಮೊದಲಿಂದ ಶುರು. ಚನ್ನಪಟ್ಟಣದವನು ಇದನ್ನ ಅವರ ಬೀದಿಯ ಭಾಷೆಯಲ್ಲಿ ಹೇಳಿದ. ಅವನ ಮನೆಯಲ್ಲಿ ಮೂರು ತಲೆಮಾರಿಂದ ಬೊಂಬೆ ಕೆಲಸ. ಆಲೆ ಮರದ ತುಂಡನ್ನು ಲೇಥಿಗೆ ಹಾಕಿ ತಿರುಗಿಸ್ತಾ, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತೆ. ಬಣ್ಣ ಸರಿಯಾಗಿ ಹಿಡಿಯದೆ ಇದ್ದರೆ ಮರ ಹಸಿ ಇದೆಯಾ, ವೇಗ ಕಡಿಮೆಯಾ, ಕಡ್ಡಿ ಒತ್ತಿದ್ದು ಸಾಲದಾ ಅಂತ ಒಂದೊಂದೇ ನೋಡ್ತಾರಂತೆ. “ಮೂರನ್ನೂ ಒಟ್ಟಿಗೆ ಬದಲಿಸಿದ್ರೆ ಆ ಬೊಂಬೆ ಚೆನ್ನಾಗಿ ಬರಬಹುದು, ಮುಂದಿನ ನೂರು ಬೊಂಬೆ ಹೇಗೆ ಮಾಡೋದು?” ಅಂದ.

ಸೋಮವಾರದಿಂದ ಕ್ಲಾಸು. ಸಂಜೆ ಮಾತ್ರ ಸಮಯ. ಉಳಿದದ್ದು ಮೂರೇ: ಪ್ರೊಸೆಸರ್, ಬೋರ್ಡ್, ಮತ್ತೆ ಎರಡರ ನಡುವೆ ಏನೋ. ಮಾಗಡಿಯವನು ಇನ್ನೂ ಸರಿಯಾಗಿ ಊಟ ಮಾಡ್ತಿರಲಿಲ್ಲ. ಮಂಗಳವಾರ ಕೂಲರ್ ತೆಗೆದು, ಪ್ರೊಸೆಸರ್ ಎತ್ತಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಪಿನ್‌ಗಳ ಸಾಲನ್ನು ಎರಡು ದಿಕ್ಕಿಂದ ನೋಡಿದೆವು. ಒಂದೂ ಬಗ್ಗಿರಲಿಲ್ಲ. ಗದ್ದೆಯ ನಾಟಿ ಸಾಲಿನ ಹಾಗೆ ನೇರ. ಬುಕ್ಕಿನಲ್ಲಿ ಆ ಸಾಲನ್ನು ಅವನೇ ಬರೆದ: ‘ಪಿನ್ ನೋಡಿದೆವು. ಎಲ್ಲ ನೆಟ್ಟಗಿವೆ. ಕೂರಿಸಿದ್ದರಲ್ಲಿ ತೊಂದರೆ ಇಲ್ಲ.’ ಅವತ್ತು ರಾತ್ರಿ ಮೆಸ್ಸಿನಲ್ಲಿ ಅವನು ಮೂರು ಮುದ್ದೆ ತಿಂದ.

ಬುಧವಾರ ಒಂದು ಸಣ್ಣ ಸ್ಪೀಕರ್ ಸಿಕ್ಕಿತು. ಬಟನ್ನಿನಷ್ಟು ದೊಡ್ಡದು, ನಾಲ್ಕು ಪಿನ್ನಿನ ಜಾಗಕ್ಕೆ ಹಾಕೋದು, ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ನಮ್ಮ ಇಡೀ ಹುಡುಕಾಟದಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಇದನ್ನ ಹಾಕಿ, ಬೇಕೆಂದೇ ರ‍್ಯಾಮ್ ತೆಗೆದು ಆನ್ ಮಾಡಿದೆವು. ಯಾಕೆ? ರ‍್ಯಾಮ್ ಇಲ್ಲ ಅಂತ ಬೋರ್ಡ್ ‘ಬೀಪ್ ಬೀಪ್’ ಅಂತ ಜಗಳ ತೆಗೆದರೆ, ಪ್ರೊಸೆಸರ್ ಎಚ್ಚರಾಗಿ ಬಯೋಸ್ ಓದಿ, ಹಾಜರಿ ಕರೆಯೋವರೆಗೆ ಬಂದಿದೆ ಅಂತ ಅರ್ಥ. ಜಗಳ ತೆಗೆಯೋ ಬೋರ್ಡ್ ಬದುಕಿರೋ ಬೋರ್ಡ್. ಪಕ್ಕದ ರೂಮಿನ ಕಂಪ್ಯೂಟರಿನಲ್ಲಿ ಹೀಗೇ ಮಾಡಿ ನೋಡಿದೆವು, ಕಿರುಚಿತು. ನಮ್ಮದು ಸುಮ್ಮನೆ ಇತ್ತು.

ಅಲ್ಲಿಗೆ ‘ಎಲ್ಲಿ’ ಅನ್ನೋದು ಸಿಕ್ಕಿತು. ರ‍್ಯಾಮ್ ಅಲ್ಲ, ಗ್ರಾಫಿಕ್ಸ್ ಅಲ್ಲ, ಹಾಜರಿ ಶುರುವೇ ಆಗಿಲ್ಲ. ಪ್ರೊಸೆಸರಿಗೂ ಬಯೋಸಿಗೂ ಮಾತೇ ನಡೆದಿಲ್ಲ.

ಈ ಮಾತು ನಡೆಯದೆ ಇರೋಕೆ ಎರಡರಲ್ಲಿ ಒಂದು ಸತ್ತಿರಲೇಬೇಕು ಅಂತಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದೆ ಇದ್ದರೂ ಆಗುತ್ತೆ. ಎಎಂಡಿಯ ಎಎಂ4 ಸಾಕೆಟ್ಟನ್ನೇ ನೋಡಿ. 2017ರ ಮೊದಲ ರೈಜನ್‌ನಿಂದ ಹಿಡಿದು 2020ರ ಕೊನೆಗೆ ಬಂದ 5000 ಸರಣಿಯವರೆಗೆ ಒಂದೇ ಸಾಕೆಟ್. ಕೊಳ್ಳೋರಿಗೆ ಇದು ದೊಡ್ಡ ಅನುಕೂಲ. ಬೋರ್ಡ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದು. ಆದರೆ ಬಿ450 ಚಿಪ್‌ಸೆಟ್ಟಿನ ಬೋರ್ಡ್‌ಗಳು ಬಂದದ್ದು 2018ರಲ್ಲಿ. ಆಗ ಬರೆದ ಬಯೋಸಿಗೆ ಎರಡು ವರ್ಷ ಆದ ಮೇಲೆ ಹುಟ್ಟೋ ಪ್ರೊಸೆಸರ್ ಹೇಗೆ ಗೊತ್ತಿರಬೇಕು? ಕಂಪನಿಗಳು ಆಮೇಲೆ ಹೊಸ ಬಯೋಸ್ ಬಿಟ್ಟವು. ಗೋಡೌನಿನಲ್ಲಿ ಡಬ್ಬದೊಳಗೆ ಕೂತ ಬೋರ್ಡಿಗೆ ಮಾತ್ರ ಅದು ತಾನಾಗೇ ತಲುಪಲ್ಲ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಸರಿಯಾಗಿ ಕೂರುತ್ತೆ, ಕರೆಂಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಅಷ್ಟೇ.

ನಮ್ಮದೂ ಎಎಂ4 ಬೋರ್ಡೇ. ಬೋರ್ಡ್ ತಯಾರಿಸಿದವರು ಯಾವ ಪ್ರೊಸೆಸರಿಗೆ ಕನಿಷ್ಠ ಯಾವ ಆವೃತ್ತಿಯ ಬಯೋಸ್ ಬೇಕು ಅಂತ ಪಟ್ಟಿ ಕೊಟ್ಟಿರುತ್ತಾರೆ. ಬಯೋಸ್ ಆವೃತ್ತಿ ಬರೆದ ಪುಟ್ಟ ಸ್ಟಿಕ್ಕರ್ ನಮ್ಮ ಬೋರ್ಡಿನ ಮೇಲೇ ಇತ್ತು. ಪಟ್ಟಿಯನ್ನೂ ಸ್ಟಿಕ್ಕರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನಮ್ಮದು ಬೇಕಾದ್ದಕ್ಕಿಂತ ಹಲವು ಆವೃತ್ತಿ ಹಿಂದೆ. ಬೋರ್ಡ್ ಕೆಟ್ಟಿಲ್ಲ. ಪ್ರೊಸೆಸರ್ ಕೆಟ್ಟಿಲ್ಲ. ಯಾರೂ ಏನೂ ಬಗ್ಗಿಸಿಲ್ಲ.

ಇಲ್ಲೊಂದು ಕ್ಷಣ ನಿಲ್ಲೋಣ. ಭಾನುವಾರವೇ ಬೋರ್ಡ್ ಎತ್ತಿಕೊಂಡು ಅಂಗಡಿಗೆ ಹೋಗಿದ್ದರೆ ಏನಾಗ್ತಿತ್ತು? ‘ಬೋರ್ಡ್ ಹೋಗಿದೆ’ ಅಂತ ಅದೇ ರಾಶಿಯ ಇನ್ನೊಂದು ಬೋರ್ಡ್ ಕೊಡ್ತಿದ್ದರು. ಅದರಲ್ಲೂ ಅದೇ ಹಳೆ ಬಯೋಸ್ ಇರೋ ಸಾಧ್ಯತೆ ಹೆಚ್ಚು. ರಾಮನಗರಕ್ಕೆ ಬಂದು ಜೋಡಿಸಿದರೆ ಮತ್ತೆ ಕಪ್ಪು. ಎರಡನೆಯ ಸಲವೂ ಹೀಗಾದರೆ ಅಂಗಡಿಯವರು ಏನಂತಾರೆ ಗೊತ್ತಲ್ಲ? ‘ನಿಮ್ಮ ಹುಡುಗರ ಕೈಯೇ ಸರಿ ಇಲ್ಲ.’ ಆ ಮಾತು ಮಾಗಡಿಯ ಮನೆವರೆಗೂ ಹೋಗ್ತಿತ್ತು. ಎಲ್ಲಿ ಅಂತ ಗೊತ್ತಿಲ್ಲದೆ ಭಾಗ ಬದಲಿಸಿದರೆ ದೋಷ ಜಾಗ ಬದಲಿಸಲ್ಲ, ಅಪವಾದ ಮಾತ್ರ ಗಟ್ಟಿಯಾಗುತ್ತೆ.

ಗುರುವಾರ ಪರಿಹಾರ ಹುಡುಕಿದೆವು. ಕೆಲವು ಬೋರ್ಡ್‌ಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುತ್ತೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಬದಲಿಸಬಹುದು. ನಮ್ಮದರಲ್ಲಿ ಇರಲಿಲ್ಲ. ಹಾಗಿದ್ದಾಗ ಉಳಿಯೋ ದಾರಿ ಒಂದೇ: ಹಳೆ ಬಯೋಸಿಗೆ ಗೊತ್ತಿರೋ ಹಳೆ ಪ್ರೊಸೆಸರ್ ಒಂದನ್ನ ಒಂದು ಗಂಟೆ ಸಾಲ ಪಡೆದು, ಅದರಿಂದ ಬೋರ್ಡನ್ನು ಎಬ್ಬಿಸಿ, ಹೊಸ ಬಯೋಸ್ ಬರೆದು, ಆಮೇಲೆ ನಮ್ಮದನ್ನು ಹಾಕೋದು. ಮೇಲಿನ ಮಹಡಿಯ ಸೀನಿಯರ್ ಒಬ್ಬರ ಹತ್ತಿರ ರೈಜನ್ 5 2600 ಇತ್ತು. ಅವರ ಪ್ರಾಜೆಕ್ಟ್ ರಿಪೋರ್ಟ್ ಅದೇ ಕಂಪ್ಯೂಟರಿನಲ್ಲಿ. ಕೇಳಿದ ಕೂಡಲೆ ಕೊಡಲಿಲ್ಲ. ಬುಕ್ ತೆಗೆದು ತೋರಿಸಿದೆವು. ಮೂರೂ ಕಾಲಂ ಓದಿದರು. “ನಾಳೆ ಸಂಜೆ ಬನ್ನಿ, ಆದ್ರೆ ಕೂಲರ್ ನಾನೇ ತೆಗೀತೀನಿ” ಅಂದರು. ಹದಿನೇಳು ಕಪ್ಪು ಸಾಲುಗಳು ಅವತ್ತು ಸಾಲಕ್ಕೆ ಜಾಮೀನು ನಿಂತವು.

ಕೂಲರ್ ತೆಗೆಯೋದು ಸಣ್ಣ ಕೆಲಸ ಅಲ್ಲ. ಎಎಂ4ನಲ್ಲಿ ಪಿನ್ ಇರೋದು ಪ್ರೊಸೆಸರಿನ ಹೊಟ್ಟೆಯಲ್ಲಿ. ಪೇಸ್ಟ್ ಒಣಗಿದ್ದಾಗ ಕೂಲರನ್ನು ನೇರ ಎಳೆದರೆ ಪ್ರೊಸೆಸರ್ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತೆ, ಪಿನ್ ಬಗ್ಗುತ್ತೆ. ಅದಕ್ಕೆ ಮೊದಲು ಹತ್ತು ನಿಮಿಷ ಒಂದು ಭಾರಿ ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಆಮೇಲೆ ಎತ್ತಬೇಕು. ಸೀನಿಯರ್ ಹಾಗೇ ಮಾಡಿದರು. ಪ್ರೊಸೆಸರನ್ನು ನಮ್ಮ ಬೋರ್ಡಿಗೆ ಕೂರಿಸೋಕೆ ಮಾತ್ರ ಮಾಗಡಿಯವನ ಕೈಗೇ ಕೊಟ್ಟೆವು. ತ್ರಿಕೋನದ ಗುರುತಿಗೆ ತ್ರಿಕೋನ ಹೊಂದಿಸಿ, ಒತ್ತದೆ, ಅದರ ಭಾರಕ್ಕೇ ಇಳಿಯೋಕೆ ಬಿಟ್ಟ. ಪಿನ್ ಮುಟ್ಟಿಸಿದೆವು. ‘ಬೀಪ್’. ಒಂದೇ ಒಂದು, ಸಣ್ಣದು. ಎರಡು ಸೆಕೆಂಡಿಗೆ ಲೋಗೋ.

ಕುಣಿಯೋಕೆ ಸಮಯ ಇರಲಿಲ್ಲ. ಹೊರಗೆ ಮೋಡ ಕಟ್ಟಿತ್ತು, ನಮ್ಮ ಕಡೆ ಗುಡುಗಿದರೆ ಕರೆಂಟ್ ಹೋಗೋದು ಮಾಮೂಲು. ಬಯೋಸ್ ಬರೆಯುವಾಗ ಅರ್ಧಕ್ಕೆ ವಿದ್ಯುತ್ ಹೋದರೆ ಬೋರ್ಡ್ ಆಗ ನಿಜವಾಗಲೂ ಸತ್ತ ಹಾಗೆ. ಯುಪಿಎಸ್ ಒಂದನ್ನ ಬೇಡಿ ತಂದು, ಅದರ ಮೂಲಕ ಬೋರ್ಡಿಗೂ ಮಾನಿಟರಿಗೂ ಕೊಟ್ಟು, ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿನಿಂದ ಹೊಸ ಬಯೋಸ್ ಬರೆಸಿದೆವು. ಪರ್ಸೆಂಟ್ ಲೆಕ್ಕ ಏರುತ್ತಿದ್ದ ಆ ಕೆಲವು ನಿಮಿಷ ಯಾರೂ ಮೇಜು ಮುಟ್ಟಲಿಲ್ಲ. ಮುಗಿದ ಮೇಲೆ ಸಾಲದ ಪ್ರೊಸೆಸರನ್ನು ಒರೆಸಿ, ಹೊಸ ಪೇಸ್ಟ್ ಹಚ್ಚಿ ಅವರ ಕಂಪ್ಯೂಟರಿಗೆ ವಾಪಸ್ ಹಾಕಿ, ಅವರ ರಿಪೋರ್ಟ್ ತೆರೆದು ತೋರಿಸಿದ ನಂತರವೇ ನಮ್ಮದನ್ನು ಹಾಕಿದ್ದು. ಹೊಸ ಪ್ರೊಸೆಸರ್ ಹಾಕಿದ್ದೀರಿ, ಮುಂದುವರಿಯೋಕೆ ‘ವೈ’ ಒತ್ತಿ ಅಂತ ಸ್ಕ್ರೀನ್ ಕೇಳಿತು. ಒತ್ತಿದೆವು. ಆಮೇಲೆ ಬೂಟ್ ಆಗೋಕೆ ಡಿಸ್ಕ್ ಇಲ್ಲ ಅಂತ ಹೇಳಿತು. ಖಾಲಿ ಎಸ್‌ಎಸ್‌ಡಿಗೆ ಅದು ಸರಿಯಾದ ಉತ್ತರ; ಇನ್‌ಸ್ಟಾಲ್ ಮಾಡಬೇಕು ಅಷ್ಟೇ. ಆರು ದಿನ ಏನೂ ಹೇಳದೆ ಇದ್ದ ಯಂತ್ರ ತನಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳಿದ್ದೇ ನಮಗೆ ದೊಡ್ಡದು.

ಈಗ ಆ ಕಂಪ್ಯೂಟರಿನಲ್ಲಿ ಗೂಡಿನ ಫೋಟೋಗಳು ಓಡುತ್ತಿವೆ. ನಮ್ಮ ಬುಕ್ ಮಾತ್ರ ನಮ್ಮ ಹತ್ತಿರ ಉಳಿದಿಲ್ಲ, ಹಾಸ್ಟೆಲ್ ಸುತ್ತುತ್ತಾ ಇದೆ. ಅದಾದ ಮೇಲೆ ಮೂರು ಹೊಸ ಕಂಪ್ಯೂಟರ್ ಕಪ್ಪಾಗಿ ನಿಂತಿದ್ದವು, ಮೂರೂ ಎದ್ದವು. ಒಂದರಲ್ಲಿ ಪ್ರೊಸೆಸರಿನ 8 ಪಿನ್ ಕೇಬಲ್ ಬೋರ್ಡಿನ ಹಿಂದೆ ಸಿಕ್ಕಿಕೊಂಡು ಉಳಿದಿತ್ತು. ಇನ್ನೊಂದರಲ್ಲಿ ರ‍್ಯಾಮ್ ಒಂದು ಕಡೆ ಮಾತ್ರ ‘ಟಕ್’ ಅಂದಿತ್ತು. ಮೂರನೆಯದು ಎಎಂ5, ಡಿಡಿಆರ್5 ರ‍್ಯಾಮ್. ಅದಕ್ಕೆ ಏನೂ ಆಗಿರಲಿಲ್ಲ. ಮೊದಲ ಸಲ ಆನ್ ಮಾಡಿದಾಗ ಅದು ರ‍್ಯಾಮಿಗೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತೆ, ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪೇ. ಗಾಬರಿಯಾಗಿ ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಟೀ ಕುಡಿದು ಬನ್ನಿ ಅಂತ ಕಳಿಸಿದೆವು, ಬರೋಷ್ಟರಲ್ಲಿ ಲೋಗೋ ಬಂದಿತ್ತು.

ಈ ವರ್ಷ ಕಂಪ್ಯೂಟರ್ ಜೋಡಿಸೋ ಆಲೋಚನೆ ಇರೋರಿಗೆ ಎರಡು ಮಾತು. ದುಡ್ಡು ಕೊಡೋ ಮೊದಲು ಪ್ರೊಸೆಸರ್ ಹೆಸರನ್ನೂ ಬೋರ್ಡ್ ಹೆಸರನ್ನೂ ಬೆಂಬಲದ ಪಟ್ಟಿಯಲ್ಲಿ ನೋಡಿ. ಬಯೋಸ್ ಹಳೆಯದಾಗಿದ್ದರೆ “ಅಪ್‌ಡೇಟ್ ಮಾಡಿ ಕೊಡಿ” ಅಂತ ಅಂಗಡಿಯಲ್ಲೇ ಕೇಳಿ, ಎಷ್ಟೋ ಕಡೆ ಮಾಡಿಕೊಡುತ್ತಾರೆ. ಇಷ್ಟು ನೋಡಿಯೂ ಕಪ್ಪಾಗಿ ನಿಂತರೆ ಎರಡನೆಯ ಮಹಡಿಗೆ ಬನ್ನಿ, ಬುಕ್ ಈ ವಾರ ಅಲ್ಲಿದೆ. ಬರುವಾಗ ಬೋರ್ಡಿನ ರಟ್ಟಿನ ಡಬ್ಬ ಎಸೆಯದೆ ತನ್ನಿ. ಅದರ ಮೇಲೇ ಇಟ್ಟು ನೋಡಬೇಕು.